ಅಂದುಕೊಂಡ ಕಡೆ ಹೋಗುವ ಗಾಡಿ

ಜೋಸಾಯ ಪಂಫ್ರಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವೂ ಇರಲಿಲ್ಲ. ಈ ಎರಡು ಸದ್ಗುಣಗಳು ಒಬ್ಬನೇ ಮನುಷ್ಯನಲ್ಲಿ ಸೇರಿಕೊಂಡು, ಅವನ ಕೈಗೆ ಒಂದು ಮೋಟಾರು ಗಾಡಿಯನ್ನೂ ಕೊಟ್ಟರೆ ಏನೇನಾಗಬಹುದೆಂಬುದನ್ನು ನಮ್ಮ ಕೋಲ್‌ಬರಿ ಊರು ಕಣ್ಣಾರೆ ಕಂಡಿದೆ. ನಾನಂತೂ ಎಲ್ಲರಿಗಿಂತ ಹೆಚ್ಚಾಗಿ ಕಂಡಿದ್ದೇನೆ. ಪೇಟೆ ಬೀದಿಯ ಔಷಧದ ಅಂಗಡಿ ನನ್ನದು. ಮೋಟಾರು ಆಗಷ್ಟೇ ಬಂದಿದ್ದ ಆ ಕಾಲದಲ್ಲಿ ಪೆಟ್ರೋಲು ಬೇಕಾದವರು ಔಷಧದ ಅಂಗಡಿಗೇ ಬರಬೇಕಾಗಿತ್ತು. ಕೆಮ್ಮಿನ ಕಷಾಯದ ಸೀಸೆಗಳ ಕೆಳಗಿನ ಗೂಡಿನಲ್ಲಿ ಅದರ ಡಬ್ಬಿಗಳಿರುತ್ತಿದ್ದವು. ಪಂಫ್ರಿ ದಿನಾ ಬೆಳಿಗ್ಗೆ ಬಂದು, ಒಂದು ಡಬ್ಬಿ ಪೆಟ್ರೋಲು ಕೊಂಡು, ಎರಡು ಡಬ್ಬಿಯಷ್ಟು ಮಾತಾಡಿ ಹೋಗುತ್ತಿದ್ದ.

ನಮ್ಮೂರಿನ ಬ್ಲಾಕ್ಸಮ್ ಸಾಹೇಬರು ಮೊದಲು ಬೈಸಿಕಲ್ಲು ಮಾಡುತ್ತಿದ್ದವರು, ಆಮೇಲೆ ಮೋಟಾರಿಗೆ ಕೈಹಾಕಿದರು. ಅವರ ಹಳೆಯ ಗಾಡಿಗಳನ್ನು ತಿರುಗಿಸಲು ದೋಣಿಗೆ ಇರುತ್ತದಲ್ಲ, ಅಂಥ ಒಂದು ಚುಕ್ಕಾಣಿ ಕೋಲಿತ್ತು. ಕೋಲನ್ನು ಬಲಕ್ಕೆ ತಳ್ಳಿದರೆ ಗಾಡಿ ಎಡಕ್ಕೆ, ಎಡಕ್ಕೆ ತಳ್ಳಿದರೆ ಬಲಕ್ಕೆ. ರಸ್ತೆಯಲ್ಲಿ ಹಳ್ಳ ಸಿಕ್ಕಿದಾಗ ಆ ಕೋಲು ಎಗರಿ ಓಡಿಸುವವನ ಪಕ್ಕೆಲುಬಿಗೇ ಗುದ್ದುತ್ತಿತ್ತು. ಪಕ್ಕೆ ನೋವಿನ ತೈಲ ಮಾರಿ ನಾನು ಒಂದಿಷ್ಟು ಸುಖವಾಗಿದ್ದದ್ದು ಆ ಕಾಲದಲ್ಲೇ. ಈ ಗುದ್ದಾಟ ಸಾಕಾಗಿ ಬ್ಲಾಕ್ಸಮ್ ಸಾಹೇಬರು ಕೋಲನ್ನು ತೆಗೆದು ಅದರ ಜಾಗದಲ್ಲಿ ಒಂದು ಚಕ್ರ ಕೂಡಿಸಿದರು. ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ, ಎಡಕ್ಕೆ ತಿರುಗಿಸಿದರೆ ಎಡಕ್ಕೆ. ಚಿಕ್ಕ ಮಗುವಿಗೂ ಅರ್ಥವಾಗುವ ವಿಷಯ. ತೊಂದರೆಯಿದ್ದದ್ದು ಮಕ್ಕಳಲ್ಲದವರಿಗೆ.

ಹೊಸ ಚಕ್ರವನ್ನು ಪರೀಕ್ಷಿಸುವ ಕೆಲಸ ಪಂಫ್ರಿಯ ಪಾಲಿಗೆ ಬಂತು. ಬೈಸಿಕಲ್ ಚೌಕಟ್ಟುಗಳಿಗೆ ಹೊಳಪು ಹಾಕುತ್ತ ಸೇರಿದವನು ಅವನು. ಕೋಲಿನ ಗಾಡಿ ಓಡಿಸಿ ಓಡಿಸಿ ಕೈ ಪಳಗಿತ್ತು. "ದಿನಾ ಊರೆಲ್ಲ ಓಡಿಸು. ಎಲ್ಲಿ ಕೈಕೊಡುತ್ತೆ ನೋಡ್ಕೊಂಡು ಬಂದು ನನಗೆ ಹೇಳು. ಗಾಡಿ ಮಾರಾಟಕ್ಕೆ ಬಂತೂಂದ್ರೆ ನಿನ್ನನ್ನೇ ಖಾಯಂ ಪರೀಕ್ಷಕ ಮಾಡ್ತೀನಿ" ಎಂದು ಸಾಹೇಬರು ಹೇಳಿದ್ದರು. ಪಂಫ್ರಿ ಮೀಸೆಗೆ ಮೇಣ ಹಚ್ಚಿಕೊಂಡು ನೇರವಾಗಿ ನನ್ನ ಅಂಗಡಿಗೆ ಬಂದ.

ಅಂಗಡಿಯಲ್ಲಿ ಗಟ್ರಿಜ್ ಇದ್ದ. ದೊಡ್ಡ ಚರ್ಚಿನಿಂದ ಬೇರೆಯಾದವರ ಪ್ರಾರ್ಥನಾ ಮಂದಿರ ನಮ್ಮ ಚಾಪೆಲ್ಲು, ಅದರ ಹಿರಿಯ ಅವನು. ಕುಡಿತ, ನಗು ಮತ್ತು ದೊಡ್ಡ ಚರ್ಚಿನ ಪಾದ್ರಿ, ಈ ಮೂರರ ಕಡು ವೈರಿ. ಪುದೀನಾ ಗುಳಿಗೆ ಕೊಳ್ಳಲು ಬಂದಿದ್ದ.

"ಹೊಸ ಗಾಡಿ ಹೇಗಿದೆ ಪಂಫ್ರಿ?" ಎಂದೆ.

"ಹೇಗಿದೆ ಅಂತ ಕೇಳ್ತೀರಲ್ಲ ಪೆಟಿಫರ್! ಮನಸ್ಸಿನಲ್ಲಿ ಅಂದುಕೊಂಡ್ರೆ ಸಾಕು, ಆ ಕಡೆ ಹೋಗುತ್ತೆ. ಕೈಯಿಡೋದು ಬರೀ ಶೋಕಿಗೆ."

"ನೀನು ಅಂದುಕೊಳ್ಳದ ಕಡೆ ಹೋದ್ರೆ?" ಎಂದ ಗಟ್ರಿಜ್, ಗುಳಿಗೆಯನ್ನು ದವಡೆಗೆ ಸರಿಸಿಕೊಳ್ಳುತ್ತ.

"ಹೋಗಲ್ಲ. ಈ ಗಾಡಿ ಎಲ್ಲಿಗಾದ್ರೂ ಹೋಗಿದೆ ಅಂದ್ರೆ ಪಂಫ್ರಿ ಅಲ್ಲಿಗೇ ಹೋಗಬೇಕು ಅಂತಿದ್ದ ಅಂತ ತಿಳ್ಕೋ."

ಈ ಮಾತು ಆಡಿದವನಿಗೆ ನಾನು ಪೆಟ್ರೋಲಿನ ಬದಲು ಬಾಯಿಗೆ ಅಂಟಿಸುವ ಪಟ್ಟಿ ಮಾರಬೇಕಾಗಿತ್ತು.

ಅಂದೇ ಮಧ್ಯಾಹ್ನ ಪಂಫ್ರಿ ಗಾಡಿ ಹೊರಡಿಸಿದ. ನೇರ ರಸ್ತೆಯಲ್ಲಿ ಎಲ್ಲ ಚೆನ್ನಾಗಿತ್ತು. ಕೈಪಂಪಿನ ಹತ್ತಿರ ರಸ್ತೆ ಒಡೆಯುತ್ತದೆ. ಎಡಕ್ಕೆ ಹೋದರೆ ಸಾಹೇಬರ ಕಾರ್ಖಾನೆ, ಬಲಕ್ಕೆ ಮಿಸ್ ಕ್ರಂಪ್ ಅವರ ಮನೆಯ ಗೇಟು. ಅವನು ಎಡಕ್ಕೆ ತಿರುಗಬೇಕು. ಅಷ್ಟರಲ್ಲಿ ಬಾತುಕೋಳಿಯೊಂದು ಅಡ್ಡ ಬಂತು. ಎದೆ ಧಸಕ್ಕೆಂದಾಗ ಮನುಷ್ಯನ ತಲೆ ಕೆಲಸ ನಿಲ್ಲಿಸುತ್ತದೆ, ಕೈ ಮಾತ್ರ ತನಗೆ ಗೊತ್ತಿದ್ದದ್ದನ್ನು ಮಾಡುತ್ತದೆ. ಪಂಫ್ರಿಯ ಕೈಗೆ ಗೊತ್ತಿದ್ದದ್ದು ಕೋಲು. ಎಡಕ್ಕೆ ಹೋಗಲೆಂದು ಅದು ಬಲಕ್ಕೆ ಎಳೆಯಿತು. ಚಕ್ರ ಹೇಳಿದ ಮಾತು ಕೇಳಿತು. ಗಾಡಿ ಗೇಟನ್ನು ಮುರಿದು, ಗುಲಾಬಿ ಪಾತಿಗಳನ್ನು ದಾಟಿ, ಮಿಸ್ ಕ್ರಂಪ್ ಅವರ ಮುಂಗೋಣೆಯ ಕಿಟಕಿಗೆ ಮೂಗು ತಾಗಿಸಿ ನಿಂತಿತು.

ಮಿಸ್ ಕ್ರಂಪ್ ಎಂದರೆ ಸಾಮಾನ್ಯರಲ್ಲ. ನ್ಯಾಯಾಧೀಶರ ಮಗಳು, ಮದುವೆಯಾದವರಲ್ಲ, ಕೂದಲು ಹಣ್ಣಾದ ಹೆಂಗಸು. ಅವರ ಮನೆಗೆ ಯಾರು ಮೊದಲು ಹೋಗಬಹುದು, ಯಾರು ಕರೆಯುವತನಕ ಕಾಯಬೇಕು ಎಂಬುದೆಲ್ಲ ನಮ್ಮೂರಿನಲ್ಲಿ ಹುಟ್ಟಿದವರಿಗೆ ಹಾಲಿನ ಜೊತೆಗೇ ಇಳಿದಿರುತ್ತದೆ. ಕಾರ್ಖಾನೆಯ ಕೆಲಸದವನು ಅವರ ಮುಂಬಾಗಿಲಿಗೆ ಹೋದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅವರು ಕಿಟಕಿ ತೆರೆದರು.

"ಯಾರು ನೀವು?"

ಪಂಫ್ರಿ ಟೋಪಿ ತೆಗೆದ. ನಿಜ ಹೇಳಲು ಬಾಯಿ ತೆರೆದವನು ಆಚೆಗೊಮ್ಮೆ ನೋಡಿದ. ಬೇಲಿಯ ಮೇಲಿಂದ ಗಟ್ರಿಜ್‌ನ ತಲೆ ಕಾಣುತ್ತಿತ್ತು. ಅವನ ದವಡೆ ಪುದೀನಾ ಗುಳಿಗೆಯನ್ನು ನಿಧಾನವಾಗಿ ಚೀಪುತ್ತ ಉತ್ತರಕ್ಕಾಗಿ ಕಾಯುತ್ತಿತ್ತು.

"ಪಂಫ್ರಿ ಅಂತ, ಅಮ್ಮಾವ್ರೆ. ತಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ."

"ನನ್ನನ್ನ?"

"ತಮ್ಮನ್ನೇ."

"ಗೇಟಿಗೆ ಅಗುಳಿ ಇತ್ತಲ್ಲ. ತೆಗೀಬಹುದಿತ್ತು."

"ಕಾತರ, ಅಮ್ಮಾವ್ರೆ. ತಡ್ಕೊಳ್ಳೋಕಾಗಲಿಲ್ಲ."

ಮಿಸ್ ಕ್ರಂಪ್ ಮುರಿದ ಗೇಟನ್ನು ನೋಡಿದರು, ಗುಲಾಬಿಯನ್ನು ನೋಡಿದರು, ಪಂಫ್ರಿಯನ್ನು ನೋಡಿದರು. ಅವರನ್ನು ನೋಡಲು ಈವರೆಗೆ ಬಂದವರೆಲ್ಲ ಪದ್ಧತಿಗೆ ಕಟ್ಟುಬಿದ್ದು ಬಂದವರು. ಹೀಗೆ ಗೇಟು ಮುರಿದುಕೊಂಡು ಬಂದವರು ಯಾರೂ ಇರಲಿಲ್ಲ. "ಒಳಗೆ ಬನ್ನಿ. ಟೀ ತಯಾರಿದೆ" ಎಂದರು. ಬೇಲಿಯ ಮೇಲಿನ ದವಡೆ ಚೀಪುವುದನ್ನು ನಿಲ್ಲಿಸಿತು.

ಇಲ್ಲಿಗೆ ಮುಗಿದಿದ್ದರೆ ಊರು ನಕ್ಕು ಮರೆಯುತ್ತಿತ್ತು. ಆದರೆ ನಮ್ಮಲ್ಲಿ ಒಬ್ಬರು ಮನೆಗೆ ಬಂದು ಹೋದರೆಂದರೆ ವಾರದೊಳಗೆ ಅವರ ಮನೆಗೆ ಹೋಗಿ ಬರಬೇಕು. ಹಾಗೆ ಮಾಡದಿದ್ದರೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಮಿಸ್ ಕ್ರಂಪ್ ತಮ್ಮ ಜನ್ಮದಲ್ಲಿ ಯಾರ ಮುಖದ ಮೇಲೂ ತಪ್ಪಾಗಿ ಬಾಗಿಲು ಹಾಕಿದವರಲ್ಲ. ಹಾಕಿದ್ದರೆ ಬೇಕೆಂದೇ ಹಾಕಿದ್ದರು. ಆದ್ದರಿಂದ ಗುರುವಾರ ಅವರ ಜೋಡಿ ಕುದುರೆಯ ಸಾರೋಟು ಚರ್ಮ ಹದ ಮಾಡುವವರ ಓಣಿಗೆ ನುಗ್ಗಿ ಪಂಫ್ರಿಯ ಮನೆಯ ಮುಂದೆ ನಿಂತಿತು.

ಪಂಫ್ರಿಯ ಹೆಂಡತಿ ಡೋರ್ಕಸ್ ಹಿತ್ತಿಲಲ್ಲಿ ಮೊಣಕೈವರೆಗೆ ಸೋಪಿನ ನೊರೆಯಲ್ಲಿದ್ದಳು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಕೂಗಿದಳು.

"ಡೋರ್ಕಸ್, ನಿಮ್ಮನೆ ಮುಂದೆ ಸಾರೋಟು! ಯಾರಾದ್ರೂ ಸತ್ತೋದ್ರೇನೇ?"

"ಸತ್ತವರನ್ನ ಒಯ್ಯೋಕೆ ಅಷ್ಟು ಒಳ್ಳೆ ಕುದುರೆ ಯಾಕೆ ತರ್ತಾರೆ?" ಎನ್ನುತ್ತ ಡೋರ್ಕಸ್ ಏಪ್ರನ್ ಬಿಚ್ಚಿ ಓಡಿ ಬಂದಳು. ಮನೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿಯ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆ ಇತ್ತು. ಅದನ್ನು ಮಂಚದಡಿಗೆ ತಳ್ಳಿ, ಕುರ್ಚಿಯನ್ನು ತನ್ನ ಲಂಗದಿಂದಲೇ ಒರೆಸಿ, ಬಾಗಿಲು ತೆರೆದಳು. ಮಿಸ್ ಕ್ರಂಪ್ ಪದ್ಧತಿಯಂತೆ ಕೂತರು, ಟೀ ಕುಡಿದರು, ಹವಾಮಾನ ಒಳ್ಳೆಯದಾಗಿದೆ ಎಂದರು. ಹೊರಡುವಾಗ "ನಿಮ್ಮ ಯಜಮಾನರಿಗೆ ಧೈರ್ಯ ಇದೆ. ಮುಂದಿನ ಮಂಗಳವಾರ ನೀವೂ ನಮ್ಮನೆಗೆ ಬನ್ನಿ" ಎಂದು ಹೇಳಿ ಹೋದರು. ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು. ಹೊಳಪು ಹಾಕುವವನ ಹೆಂಡತಿ ಎಂದು ಕರೆಸಿಕೊಳ್ಳುತ್ತಿದ್ದವಳನ್ನು ಅಂದು ಸಂಜೆಯಿಂದ ಎಲ್ಲರೂ ಮಿಸೆಸ್ ಪಂಫ್ರಿ ಅನ್ನತೊಡಗಿದರು.

ಪಂಫ್ರಿ ಮನೆಗೆ ಬಂದಾಗ ಡೋರ್ಕಸ್ ಕಿಟಕಿಗೆ ಹೊಸ ಪರದೆ ಅಳೆಯುತ್ತಿದ್ದಳು.

"ಜೋ, ನನಗೊಂದು ಮಾತೂ ಹೇಳದೆ ಇಷ್ಟು ದೊಡ್ಡ ಕೆಲಸ ಮಾಡಿದ್ಯಲ್ಲೋ!" ಎಂದು ಅವನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನಿಜ ಹೇಳಬೇಕೆಂದು ಬಂದವನು ಆ ಕಣ್ಣು ನೋಡಿ ಮಾತು ನುಂಗಿಕೊಂಡ. ಇದನ್ನು ಅವನೇ ಆಮೇಲೆ ನನಗೆ ಹೇಳಿದ್ದು.

ಎರಡನೆಯ ಬಾರಿ ಗಾಡಿ ದೊಡ್ಡ ಚರ್ಚಿನ ಪಾದ್ರಿಗಳ ತೋಟಕ್ಕೆ ನುಗ್ಗಿತು. ಈ ಸಲ ಬಾತುಕೋಳಿಯ ಬದಲು ಹಾಲಿನ ಗಾಡಿ. ಇಲ್ಲೊಂದು ವಿಷಯ ತಿಳಿದಿರಬೇಕು: ಪಂಫ್ರಿ ಚಾಪೆಲ್ಲಿನವನು. ಅಲ್ಲಿಯ ಹಾಡುವ ಮೇಳದಲ್ಲಿ ಅವನದು ದಪ್ಪ ಗಂಟಲು. ಅವನು ಕೆಳಸ್ವರ ಹಿಡಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ದೊಡ್ಡ ಚರ್ಚಿನವರು, ಚಾಪೆಲ್ಲಿನವರು ಒಂದೇ ದೇವರನ್ನು ನಂಬಿದರೂ ಒಂದೇ ಬೀದಿಯ ಒಂದೇ ಬದಿಯಲ್ಲಿ ನಡೆಯುವವರಲ್ಲ. ಪಾದ್ರಿ ವಿಥರ್ಸ್ ಅವರಿಗೆ ಮಾತ್ರ ಬಹಳ ದಿನದಿಂದ ಆ ಗಂಟಲಿನ ಮೇಲೆ ಕಣ್ಣು.

ಪಾದ್ರಿಗಳು ತಮ್ಮ ಕೋಸಿನ ಪಾತಿಯ ನಡುವೆ ಗಾಡಿಯನ್ನೂ ಅದರ ಮೇಲೆ ಪಂಫ್ರಿಯನ್ನೂ ಕಂಡು ಎರಡೂ ಕೈ ಚಾಚಿದರು.

"ಕೊನೆಗೂ ಬಂದ್ಯಲ್ಲಪ್ಪ!"

"ಬಂದೆ ಸ್ವಾಮಿ" ಎಂದ ಪಂಫ್ರಿ. ಬೇರೆ ಏನು ಹೇಳಿಯಾನು? ಹಾಲಿನವನು ನೋಡುತ್ತ ನಿಂತಿದ್ದ.

"ನಿನ್ನ ಮನಸ್ಸು ತಾನಾಗೇ ಎಳ್ಕೊಂಡು ಬಂತಾ?"

"ಏನೋ ಎಳೀತು ಸ್ವಾಮಿ. ತಡೆಯೋಕಾಗಲಿಲ್ಲ." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಮಧ್ಯಾಹ್ನಕ್ಕೆ ಸುದ್ದಿ ಊರೆಲ್ಲ ಹರಡಿತು. ಗಟ್ರಿಜ್ ನನ್ನ ಅಂಗಡಿಗೆ ಬಂದು ಗುಳಿಗೆ ಕೇಳುವುದನ್ನೂ ಮರೆತು ಮೇಜು ಗುದ್ದಿದ.

"ನಮ್ಮ ಗಂಟಲನ್ನ ಕದ್ದುಬಿಟ್ರು ಕಣ್ರೀ! ಈಸ್ಟರ್ ಹಬ್ಬ ಹತ್ತಿರ ಬಂತು. ಕೆಳಸ್ವರ ಯಾರು ಹಾಡ್ತಾರೆ? ನೀವು ಹಾಡ್ತೀರಾ?"

"ನಾನು ಹಾಡಿದ್ರೆ ಇರೋ ಜನಾನೂ ಎದ್ದು ಹೋಗ್ತಾರೆ."

"ಅವನನ್ನ ದಾರಿಗೆ ತರ್ತೀನಿ ನೋಡ್ತಿರಿ. ನಾಳೆ ನಾವೆಲ್ಲ ಹಿರಿಯರು ರಸ್ತೇಲೇ ನಿಂತು ಅವನನ್ನ ತಡೀತೀವಿ."

ಮರುದಿನ ಚಾಪೆಲ್ಲಿನ ಹಿರಿಯರು ಕಪ್ಪು ಕೋಟು ಹಾಕಿಕೊಂಡು ಪೇಟೆ ಚೌಕದ ನಡುವೆ ಸಾಲಾಗಿ ನಿಂತರು. ಮೋಟಾರು ಗಾಡಿಯನ್ನು ತಡೆಯಲು ಅದರೆದುರು ಸಾಲಾಗಿ ನಿಲ್ಲುವುದು ಭಕ್ತಿಯ ಲಕ್ಷಣವಿರಬಹುದು, ಬುದ್ಧಿಯ ಲಕ್ಷಣವಲ್ಲ. ಅವರನ್ನು ಕಂಡ ಪಂಫ್ರಿ ಬೆದರಿ, ನನ್ನ ಅಂಗಡಿಯ ಕಡೆಗೆ ತಪ್ಪಿಸಿಕೊಳ್ಳಲು ಚಕ್ರ ತಿರುಗಿಸಿದ. ಗಾಡಿ ತಿರುಗಿದ್ದು ಎದುರು ಬದಿಗೆ. ಎದುರು ಬದಿಯಲ್ಲಿದ್ದದ್ದು ಮಿಸೆಸ್ ರಡ್ಜ್ ಎಂಬ ವಿಧವೆಯ ಹೆಂಡದಂಗಡಿ, ಹೆಸರು 'ಮೂರು ಪೀಪಾಯಿ'. ಕುಡಿಯುವುದಿಲ್ಲವೆಂದು ಚಾಪೆಲ್ಲಿನಲ್ಲಿ ಎಲ್ಲರೆದುರು ಆಣೆ ಮಾಡಿದ್ದ ಪಂಫ್ರಿ, ಆಣೆ ಮಾಡಿಸಿದವರ ಕಣ್ಣೆದುರೇ ಹೆಂಡದಂಗಡಿಯ ಅಂಗಳದೊಳಕ್ಕೆ ಭರ್ರನೆ ಹೋದ.

ಹಿರಿಯರು ಓಡಿಕೊಂಡು ಬಂದು ಬಾಗಿಲಲ್ಲಿ ನಿಂತರು. ಕುಡಿಯುತ್ತಿದ್ದವರು ಲೋಟ ಹಿಡಿದು ಹೊರಗೆ ಬಂದರು. ಮಿಸೆಸ್ ರಡ್ಜ್ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಏನು ಕೊಡ್ಲಪ್ಪ ದೊರೆ? ದೊಡ್ಡ ಲೋಟಾನಾ, ಸಣ್ಣದಾ?"

ಗಟ್ರಿಜ್ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ. ಪಂಫ್ರಿ ಗಾಡಿಯ ಮೇಲೆಯೇ ಎದ್ದು ನಿಂತು ಟೋಪಿ ತೆಗೆದ.

"ಅಣ್ಣಂದಿರಾ, ನಾನು ಕುಡಿಯೋಕೆ ಬಂದಿಲ್ಲ. ನಿಮ್ಮ ಕುಡಿತ ಬಿಡಿಸೋಕೆ ಬಂದಿದ್ದೀನಿ!"

ಆಮೇಲೆ ಅವನು ಮಾತಾಡಿದ. ಗಾಡಿಯನ್ನು ಹಿಂದಕ್ಕೆ ತೆಗೆಯುವುದು ಹೇಗೆಂದು ಕೈಕಾಲಿಗೆ ನೆನಪಾಗುವವರೆಗೂ ಮಾತಾಡುತ್ತಲೇ ಇದ್ದ. ಹೆಂಡತಿ ಮಕ್ಕಳ ಕಣ್ಣೀರಿನ ಬಗ್ಗೆ, ಯಕೃತ್ತಿನ ಬಗ್ಗೆ, ಕೊನೆಗೆ ಏನೂ ತೋಚದೆ ಗಾಡಿಗೆ ಎಣ್ಣೆ ಹಾಕುವ ಕ್ರಮದ ಬಗ್ಗೆ. "ಮಾತಾಡ್ಲಿ ಬಿಡ್ರೋ ಪಾಪ. ಬಾಯೊಣಗಿದ್ರೆ ನಾನಿಲ್ಲೇ ಇದ್ದೀನಿ" ಎಂದಳು ಮಿಸೆಸ್ ರಡ್ಜ್. ಅಂದು ಅವಳ ವ್ಯಾಪಾರ ಜೋರಾಗಿ ನಡೆಯಿತು. ಕೇಳಲು ಬಂದವರಿಗೆಲ್ಲ ಬಾಯಾರಿತ್ತು. ಚಾಪೆಲ್ಲಿನ ಹಿರಿಯರು ಆನಂದಬಾಷ್ಪ ಸುರಿಸಿದರು. ಸಿಂಹದ ಗುಹೆಗೇ ನುಗ್ಗಿ ಬೋಧಿಸಿದ ವೀರನೆಂದು ಗಟ್ರಿಜ್ ಅವನ ಬೆನ್ನು ತಟ್ಟಿದ. ಪಾದ್ರಿಗಳ ತೋಟಕ್ಕೆ ಹೋದದ್ದೂ ಬೋಧಿಸಲಿಕ್ಕೇ ಎಂದು ಹಿರಿಯರು ತಾವೇ ತೀರ್ಮಾನಿಸಿಕೊಂಡರು.

ಹೀಗೆ ಚಕ್ರ ತಪ್ಪಿದಷ್ಟೂ ಪಂಫ್ರಿ ಮೇಲೇರಿದ. ಮಿಸ್ ಕ್ರಂಪ್ ಅವರ ಕಣ್ಣಲ್ಲಿ ಧೈರ್ಯವಂತ, ಪಾದ್ರಿಗಳ ಕಣ್ಣಲ್ಲಿ ಭಕ್ತ, ಚಾಪೆಲ್ಲಿನವರ ಕಣ್ಣಲ್ಲಿ ವೀರ. ಬ್ಲಾಕ್ಸಮ್ ಸಾಹೇಬರು ಸಂಜೆ ಕರೆದು "ಗಾಡಿ ಹೇಗಿತ್ತು?" ಎಂದು ಕೇಳಿದಾಗಲೆಲ್ಲ "ಅಂದುಕೊಂಡ ಕಡೆಗೇ ಹೋಯ್ತು ಯಜಮಾನ್ರೆ" ಎಂದೇ ಹೇಳುತ್ತ ಬಂದ. ನಾಲ್ಕೂ ಕಡೆಯಿಂದ ಅದೇ ಮಾತು ಕೇಳಿದ ಸಾಹೇಬರಿಗೆ ನಂಬಿಕೆ ಬಂದುಬಿಟ್ಟಿತು.

ಡೋರ್ಕಸ್ ಮಿಸ್ ಕ್ರಂಪ್ ಅವರ ಮನೆಗೆ ಹೋಗಿ ಬಂದ ವಾರದ ಕೊನೆಯಲ್ಲಿ ಪಂಫ್ರಿ ಪೆಟ್ರೋಲಿಗೆ ಬಂದಾಗ ನಾನೇ ಅವನಿಗೆ ಸುದ್ದಿ ಹೇಳಿದೆ.

"ಕೇಳಿದ್ಯಾ? ನಿನ್ನ ಗಾಡಿ ಮಾರಾಟ ಆಯ್ತಂತೆ. ಡಾಕ್ಟರ್ ಫಾಸೆಟ್ ಕೊಂಡ್ಕೊಂಡ್ರು. ಶನಿವಾರ ಕಾರ್ಖಾನೆ ಅಂಗಳದಿಂದ ತಾವೇ ಓಡಿಸ್ಕೊಂಡು ಹೊರಡ್ತಾರೆ. ಊರಿಗೇ ಆಹ್ವಾನ."

ಪಂಫ್ರಿ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. "ಡಾಕ್ಟರ ಹತ್ರ ಈಗ ಇರೋದು ಕೋಲಿನ ಗಾಡಿ ಅಲ್ವಾ?"

"ಹೌದು. ನಿನ್ನಷ್ಟೇ ಪಳಗಿದ ಕೈ."

"ಯಾವ ದಾರೀಲಿ ಹೋಗ್ತಾರೆ?"

"ಇನ್ಯಾವುದು? ಚರ್ಚಿನ ಇಳಿಜಾರು."

ಚರ್ಚಿನ ಇಳಿಜಾರು ಕಡಿದಾಗಿದೆ. ಅದರ ಬುಡದಲ್ಲಿ ಎಡಕ್ಕೆ ತಿರುಗಿದರೆ ಸೇತುವೆ. ಬಲಕ್ಕೆ ದೋಣಿಗಳು ಕಲ್ಲಿದ್ದಲು ಇಳಿಸುವ ಕಾಲುವೆಯ ಕಟ್ಟೆ, ಅದಕ್ಕೆ ತಡೆಗೋಡೆಯಿಲ್ಲ. ಆ ತಿರುವಿನಲ್ಲಿ ಯಾವಾಗಲೂ ಏನಾದರೊಂದು ಅಡ್ಡ ಬರುತ್ತದೆ. ಪಂಫ್ರಿ ಸ್ಟೂಲಿನ ಮೇಲೆ ಕೂತು ನನಗೆ ಎಲ್ಲವನ್ನೂ ಹೇಳಿದ. ಬಾತುಕೋಳಿ, ಹಾಲಿನ ಗಾಡಿ, ಕಪ್ಪು ಕೋಟುಗಳು, ಎಲ್ಲ. ನಾನು ನಗಬೇಕೆಂದುಕೊಂಡೆ; ಅವನ ಮುಖ ನೋಡಿ ನಗು ಬರಲಿಲ್ಲ.

"ತಲೆಗೆ ಗೊತ್ತು ಕಣ್ರೀ ಪೆಟಿಫರ್. ಕೈಗೆ ಗೊತ್ತಾಗಲ್ಲ. ಹೆದರಿದ್ರೆ ಸಾಕು, ಅದು ಕೋಲೇ ಅಂದ್ಕೊಳ್ಳುತ್ತೆ. ಡಾಕ್ಟರು ಕಾಲುವೆಗೆ ಬೀಳ್ತಾರೆ."

"ಹಾಗಾದ್ರೆ ಹೋಗಿ ಹೇಳು ಮಾರಾಯ!"

"ಹೇಳಿದ್ರೆ ನನ್ನ ಕೆಲಸ ಹೋಯ್ತು. ಅದು ಹೋಗ್ಲಿ, ಮತ್ತೆ ಹೊಳಪು ಹಾಕ್ಕೊಂಡಿರ್ತೀನಿ. ಡೋರ್ಕಸ್ ಗತಿ ಏನು? ಮೊನ್ನೆ ಮಂಗಳವಾರ ಮಿಸ್ ಕ್ರಂಪ್ ಮನೆಗೆ ಹೋಗಿ ಬಂದಾಗಿನಿಂದ ಓಣೀಲಿ ತಲೆಯೆತ್ತಿ ನಡೀತಾಳೆ. ಅವಳು ಹಾಗೆ ನಡೆದದ್ದನ್ನ ನಾನು ಮದುವೆಯಾದ ದಿನವೂ ನೋಡಿರಲಿಲ್ಲ. ನಾನು ಬಾಯಿಬಿಟ್ರೆ ನಾಳೆ ಅದೇ ಓಣೀಲಿ ತಲೆ ತಗ್ಗಿಸ್ಕೊಂಡು ಹೋಗಬೇಕಲ್ಲ."

ನರಗಳಿಗೆ ಒಳ್ಳೆಯದೆಂದು ಒಂದು ಸೀಸೆ ಟಾನಿಕ್ ಕೊಟ್ಟೆ. ಆ ಟಾನಿಕ್ಕಿನಿಂದ ಯಾರಿಗೂ ಏನೂ ಆದದ್ದಿಲ್ಲ, ಅವನಿಗೂ ಆಗಲಿಲ್ಲ.

ಶನಿವಾರ ಕಾರ್ಖಾನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ದೊಡ್ಡ ಚರ್ಚಿನವರು, ಇನ್ನೊಂದು ಕಡೆ ಚಾಪೆಲ್ಲಿನವರು, ನಡುವೆ ಮಿಸೆಸ್ ರಡ್ಜ್ ಮತ್ತು ಅವಳ ಗಿರಾಕಿಗಳು. ಮುಂದಿನ ಕುರ್ಚಿಯಲ್ಲಿ ಮಿಸ್ ಕ್ರಂಪ್, ಅವರ ಪಕ್ಕದ ಕುರ್ಚಿಯಲ್ಲಿ ಹೊಸ ಟೋಪಿಯ ಡೋರ್ಕಸ್. ಡಾಕ್ಟರ್ ಫಾಸೆಟ್ ಕನ್ನಡಕ ಏರಿಸಿ, ಚರ್ಮದ ಕೈಗವಸು ಹಾಕಿಕೊಂಡು ಗಾಡಿ ಹತ್ತಿದರು. ಎಂಜಿನ್ನು ಗುಡುಗಿತು. ಬ್ಯಾಂಡಿನವರು ತುತ್ತೂರಿ ಬಾಯಿಗಿಟ್ಟರು.

ಪಂಫ್ರಿ ಗುಂಪಿನಿಂದ ಓಡಿ ಬಂದು ಗಾಡಿಯ ಮುಂದೆ ಕೈಚಾಚಿ ನಿಂತ.

"ನಿಲ್ಲಿಸಿ ಡಾಕ್ಟ್ರೇ!"

"ಏನಯ್ಯ, ಭಾಷಣವಾ?" ಎಂದರು ಡಾಕ್ಟರು.

"ಭಾಷಣ ಅಲ್ಲ. ನಿಜ." ಅವನ ದಪ್ಪ ಗಂಟಲು ಅಂಗಳದ ಮೂಲೆಮೂಲೆಗೂ ಕೇಳಿಸಿತು. "ಈ ಗಾಡಿ ನಾನು ಅಂದುಕೊಂಡ ಕಡೆ ಒಂದು ಸಲಾನೂ ಹೋಗಿಲ್ಲ. ಮಿಸ್ ಕ್ರಂಪ್ ಅವರ ಮನೆಗೆ ನಾನು ಹೋಗಿದ್ದಲ್ಲ, ಕಾರ್ಖಾನೆಗೆ ಹೊರಟಿದ್ದೆ. ಪಾದ್ರಿಗಳ ತೋಟಕ್ಕೂ ಹೋಗಬೇಕೂಂತ ಇರಲಿಲ್ಲ. ಹೆಂಡದಂಗಡಿಗೆ ನುಗ್ಗಿದ್ದು ಯಾರನ್ನೂ ಉದ್ಧಾರ ಮಾಡೋಕಲ್ಲ. ನನ್ನ ಕೈಗೆ ಕೋಲಿನ ಅಭ್ಯಾಸ. ಗಾಬರಿಯಾದ್ರೆ ಚಕ್ರಾನ ಉಲ್ಟಾ ತಿರುಗಿಸುತ್ತೆ. ನಿಮ್ಮ ಕೈಯೂ ಹಾಗೇ ಮಾಡುತ್ತೆ, ಕಾಲುವೆಗೆ ಬೀಳ್ತೀರ!"

ತುತ್ತೂರಿಯೊಂದು ಅರ್ಧ ಕೂಗಿ ಸುಮ್ಮನಾಯಿತು. ಪಾದ್ರಿಗಳು ಕೆಮ್ಮಿದರು. ಗಟ್ರಿಜ್‌ನ ಗುಳಿಗೆ ಗಂಟಲಿಗಿಳಿಯಿತು. ಬ್ಲಾಕ್ಸಮ್ ಸಾಹೇಬರ ಮುಖ ಕುದಿಸಿದ ಬೀಟ್‌ರೂಟಿನಂತಾಯಿತು. ನಾನು ನೋಡಿದ್ದು ಡೋರ್ಕಸ್‌ಳನ್ನು. ಅವಳು ಹೊಸ ಟೋಪಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಡಾಕ್ಟರು ನಕ್ಕರು. "ಗಾಬರಿ ಬೀಳೋಕೆ ನಾನೇನು ನಿನ್ನಂಥ ಪೆದ್ದನೇನಯ್ಯ? ದಿನಾ ರಕ್ತ ನೋಡೋ ಕೈ ಇದು. ಬೇಕಾದ್ರೆ ಇಲ್ಲೇ ಅಂಗಳದಲ್ಲಿ ತೋರಿಸ್ತೀನಿ. ಸರಿಯಿರಿ ಎಲ್ಲ!"

ಜನ ಗೋಡೆಗೊತ್ತಿ ನಿಂತರು. ಡಾಕ್ಟರು ಗಾಡಿ ಬಿಟ್ಟರು, ಗಾಡಿಗಳ ಕೊಟ್ಟಿಗೆಯ ಕಡೆಗೆ ನೆಟ್ಟಗೆ ಬಂದರು, ಅಲ್ಲಿ ಎಡಕ್ಕೆ ತಿರುಗುವುದಾಗಿ ಕೈಯೆತ್ತಿ ತೋರಿಸಿದರು. ಆ ಗಳಿಗೆಯಲ್ಲಿ ಕಾರ್ಖಾನೆಯ ಬೆಕ್ಕು ತನ್ನ ಪಾಡಿಗೆ ತಾನು ಅಂಗಳ ದಾಟಿತು. ಗಾಡಿ ಸರ್ರನೆ ಬಲಕ್ಕೆ ಹೊರಳಿ ಇದ್ದಿಲ ರಾಶಿಯ ಮೇಲೇರಿ ನಿಂತಿತು. ಮೇಲೆದ್ದ ಕರಿ ಧೂಳು ಇಳಿದಾಗ ಡಾಕ್ಟರ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

"ನಾನು ಎಡಕ್ಕೇ ತಿರುಗಿಸಿದ್ದು!" ಎಂದರು.

"ಕೋಲಾಗಿದ್ರೆ ಎಡಕ್ಕೇ ಹೋಗ್ತಿತ್ತು ಡಾಕ್ಟ್ರೇ" ಎಂದ ಪಂಫ್ರಿ, ಮೆಲ್ಲಗೆ.

ಡಾಕ್ಟರು ತಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಆಮೇಲೆ ರಾಶಿಯಿಂದ ಜಾರಿ ಕೆಳಗಿಳಿದರು. "ಬ್ಲಾಕ್ಸಮ್, ಇದು ಕಾಲುವೆಯಾಗಿದ್ರೆ ನೀವು ಈಗ ನನ್ನ ಹೆಣ ಹುಡುಕ್ತಿದ್ರಿ. ಪೆದ್ದ ಅಂದೆನಲ್ಲ, ಆ ಮಾತು ವಾಪಸ್ಸು ತಗೊಂಡೆ" ಎಂದು ಪಂಫ್ರಿಯ ಕೈ ಕುಲುಕಿದರು. ಪಂಫ್ರಿಯ ಕೈಯೂ ಕರಿಯಾಯಿತು.

ಸಾಹೇಬರು ಮಾತ್ರ ಸುಲಭಕ್ಕೆ ತಣ್ಣಗಾಗಲಿಲ್ಲ. "ತಪ್ಪು ಹುಡುಕು ಅಂತ ನಿನಗೆ ಗಾಡಿ ಕೊಟ್ಟೆ. ಹುಡುಕಿ ಬಚ್ಚಿಟ್ಕೊಂಡೆಯಲ್ಲೋ! ಇಂಥ ಪರೀಕ್ಷಕ ಪ್ರಪಂಚದಲ್ಲಿ ಇನ್ನೊಬ್ಬ ಇದ್ದಾನಾ?"

"ಇಲ್ಲ ಯಜಮಾನ್ರೆ."

"ಚಕ್ರಾನ ತೆಗೆದು ಮತ್ತೆ ಕೋಲು ಹಾಕಲೇನು ಈಗ?"

"ಬೇಡ, ಬೇಡ! ಚಕ್ರದ್ದೇನೂ ತಪ್ಪಿಲ್ಲ, ಅದು ಬಂಗಾರ. ಹಳೇ ಕೈಗಳಿಗೆ ಹೊಸದಾಗಿ ಕಲಿಸಬೇಕು, ಅಷ್ಟೇ. ಈ ಅಂಗಳದಲ್ಲೇ ಕೋಳಿ, ಬೆಕ್ಕು, ಬಾತು ಎಲ್ಲ ಬಿಟ್ಟು, ಗಾಬರಿ ಬಿದ್ದೂ ಬಿದ್ದೂ ಕೈಗೆ ಬುದ್ಧಿ ಬರೋವರೆಗೆ ಓಡಿಸಿದ್ರೆ ಆಯ್ತು. ನನ್ನಿಂದಲೇ ಶುರು ಮಾಡ್ತೀನಿ."

ಸಾಹೇಬರು ಗಲ್ಲ ಕೆರೆದುಕೊಂಡರು. "ಗಾಡಿ ಕೊಂಡವರಿಗೆಲ್ಲ ಕಲಿಸ್ತೀಯಾ?"

"ಕಲಿಸ್ತೀನಿ."

"ಹಾಗಾದ್ರೆ ಸೋಮವಾರ ಬಾ. ಇನ್ಮೇಲೆ ಬಾಯಲ್ಲಿ ಒಂದು ಕೈಯಲ್ಲಿ ಒಂದು ಆದ್ರೆ ಈ ಇದ್ದಿಲ ರಾಶೀಲೇ ಹೂತುಬಿಡ್ತೀನಿ."

ಕೆಲಸವೇನೋ ಉಳಿಯಿತು. ಆದರೆ ಪಂಫ್ರಿಯ ಕಣ್ಣು ಮುಂದಿನ ಸಾಲಿನಲ್ಲಿತ್ತು. ಮಿಸ್ ಕ್ರಂಪ್ ಎದ್ದು ನಿಂತಿದ್ದರು. ಅವರು ಎದ್ದರೆ ನಮ್ಮೂರಿನಲ್ಲಿ ಬೇರೆ ಯಾರೂ ಮಾತಾಡುವುದಿಲ್ಲ.

"ಮಿಸ್ಟರ್ ಪಂಫ್ರಿ, ಅಂದ್ರೆ ನೀವು ನನ್ನನ್ನ ನೋಡೋಕೆ ಬಂದದ್ದಲ್ಲ."

"ಅಲ್ಲ ಅಮ್ಮಾವ್ರೆ."

"ಕಾತರ ಅಂದ್ರಿ."

"ಬಾತುಕೋಳಿ, ಅಮ್ಮಾವ್ರೆ."

ಓಣಿಯ ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಡೋರ್ಕಸ್ ಟೋಪಿಯ ಅಂಚನ್ನು ಬಿಟ್ಟಳು. ಎದ್ದು ಮಿಸ್ ಕ್ರಂಪ್ ಅವರ ಮುಂದೆ ಬಂದು ನಿಂತಳು. ಅವಳ ತಲೆ ಎತ್ತಿಯೇ ಇತ್ತು.

"ಅಮ್ಮಾವ್ರೆ, ಅವನು ನಿಮ್ಮನೆಗೆ ದಾರಿ ತಪ್ಪಿ ಬಂದಿರಬಹುದು. ನೀವು ನಮ್ಮನೆಗೆ ಬಂದ್ರಲ್ಲ, ಅದು ದಾರಿ ತಪ್ಪಿ ಬಂದದ್ದಲ್ಲ. ನಾನು ಮಂಗಳವಾರ ನಿಮ್ಮನೆಗೆ ಬಂದದ್ದೂ ದಾರಿ ತಪ್ಪಿ ಅಲ್ಲ."

ಮಿಸ್ ಕ್ರಂಪ್ ಅವರ ತುಟಿಯ ಒಂದು ಕೊನೆ ಮೇಲಕ್ಕೆ ಹೋಗುವುದನ್ನು ನಾನು ಹತ್ತಿರದಿಂದ ಕಂಡೆ.

"ಅಲ್ಲ, ಖಂಡಿತ ಅಲ್ಲ" ಎಂದರು. ಆಮೇಲೆ ಪಂಫ್ರಿಯ ಕಡೆ ತಿರುಗಿದರು. "ಕೋಲು ಮುಟ್ಟಿದ ಕೈಗೆ ಮಾತ್ರ ಈ ತೊಂದರೆ ಅಂದ್ರಲ್ಲ?"

"ಹೌದು ಅಮ್ಮಾವ್ರೆ."

"ನಾನು ಕೋಲು ಮುಟ್ಟಿಲ್ಲ. ಲಗಾಮೂ ಮುಟ್ಟಿಲ್ಲ, ಬೈಸಿಕಲ್ಲೂ ಮುಟ್ಟಿಲ್ಲ. ಹುಟ್ಟಿದಾಗಿನಿಂದ ನನ್ನನ್ನ ಬೇರೆಯವರೇ ಕರ್ಕೊಂಡು ಹೋಗಿದ್ದಾರೆ, ಅವರ ದಾರಿ ಹಿಡಿದು." ಎಡಗೈ ಗವಸಿನ ಗುಂಡಿ ಹಾಕಿಕೊಂಡರು. "ಡಾಕ್ಟರೇ, ನಿಮ್ಮ ಗಾಡಿ ಸ್ವಲ್ಪ ಹೊತ್ತು ಬೇಕು. ಡೋರ್ಕಸ್, ಹತ್ತು. ಮಿಸ್ಟರ್ ಪಂಫ್ರಿ, ನೀವು ಮೆಟ್ಟಿಲ ಮೇಲೆ ನಿಂತು ಬ್ರೇಕು ನೋಡ್ಕೊಳ್ಳಿ. ಬಾಯಿ ಮುಚ್ಕೊಂಡು."

ಕೆಲಸದವರು ಗಾಡಿಯನ್ನು ರಾಶಿಯಿಂದ ಇಳಿಸಿಕೊಟ್ಟ ಮೇಲೆ ಮಿಸ್ ಕ್ರಂಪ್ ಅಂಗಳದಲ್ಲಿ ಸುತ್ತು ಹಾಕಿದರು, ಇನ್ನೊಂದು ಸುತ್ತು ಹಾಕಿದರು. ಬೆಕ್ಕು ಮತ್ತೆ ಅಡ್ಡ ಬಂತು. ಅವರು ಅದನ್ನು ಸುತ್ತಿ ಬಳಸಿ ಮುಂದೆ ಹೋದರು. ಆಮೇಲೆ ಯಾರನ್ನೂ ಕೇಳದೆ ಗೇಟು ದಾಟಿ ಚರ್ಚಿನ ಇಳಿಜಾರಿಗೆ ಬಿಟ್ಟರು. ಪಾದ್ರಿಗಳು, ಗಟ್ರಿಜ್, ಮಿಸೆಸ್ ರಡ್ಜ್, ನಾನು, ಊರಿಗೆ ಊರೇ ಹಿಂದೆ ಓಡಿತು. ಯಾರು ಯಾವ ಬದಿಯಲ್ಲಿ ಓಡುತ್ತಿದ್ದೇವೆಂಬುದನ್ನು ಯಾರೂ ನೋಡಲಿಲ್ಲ. ಬುಡದಲ್ಲಿ, ಎಣಿಸಿದಂತೆಯೇ, ಕಾಲುವೆಯ ಕಡೆಯಿಂದ ಕಲ್ಲಿದ್ದಲ ಬಂಡಿಯೊಂದು ಎದುರಿಗೆ ಬಂತು. ಡೋರ್ಕಸ್ ಕಣ್ಣು ಮುಚ್ಚಿಕೊಂಡಳು. ಪಂಫ್ರಿ ಬಾಯಿ ತೆರೆದ.

ಮಿಸ್ ಕ್ರಂಪ್ ಚಕ್ರವನ್ನು ಎಡಕ್ಕೆ ತಿರುಗಿಸಿದರು. ಗಾಡಿ ಎಡಕ್ಕೆ ಹೋಯಿತು.